ಬಿಸಿಯಾದ ಕಾರು ಸ್ಟಾರ್ಟ್ ಆಗಲು ಯಾಕೆ ಸತಾಯಿಸುತ್ತದೆ?

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೊರಟು, ಪಡುಬಿದ್ರಿಯಲ್ಲಿ ಚಾ ಕುಡಿದು ಬಂದರೆ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಬ್ಯಾಟರಿ ಬದಲಿಸಬೇಕಾ?

ಉತ್ತರ: ಸ್ವಲ್ಪ ತಾಳಿ. ಮೊದಲು ಸದ್ದು ಕೇಳಿ. ಸೆಲ್ಫ್ ಎಳೆದೆಳೆದು, ಸುಸ್ತಾದ ಹಾಗೆ ತಿರುಗುತ್ತದಾ? ಅಥವಾ ಬೆಳಿಗ್ಗೆಯಷ್ಟೇ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯುವುದಿಲ್ಲವಾ? ಇವೆರಡೂ ಬೇರೆ ಬೇರೆ ಕಾಯಿಲೆ.

ಚುರುಕಾಗಿ ತಿರುಗಿದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ನನ್ನ ಮೊದಲ ಅನುಮಾನ ಪೆಟ್ರೋಲ್ ಒತ್ತಡದ ಮೇಲೆ. ಆಫ್ ಮಾಡಿದ ಕೂಡಲೇ ಎಂಜಿನ್ ತಣಿಯುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಸುತ್ತುವುದು ನಿಲ್ಲುತ್ತದೆ, ಎದುರುಗಾಳಿಯೂ ಇಲ್ಲ. ಬಾನೆಟ್ ಒಳಗೆ ಸ್ವಲ್ಪ ಹೊತ್ತು ಬಿಸಿ ಇನ್ನೂ ಏರುತ್ತದೆ. ನಮ್ಮ ಏಪ್ರಿಲ್ ಸೆಖೆಯಲ್ಲಂತೂ ಕೇಳುವುದೇ ಬೇಡ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಟ್ಯಾಂಕಿನ ಪಂಪ್‌ನಲ್ಲಿದೆ. ಅದು ಸರಿಯಿದ್ದರೆ ಪೈಪಿನಲ್ಲಿ ಒತ್ತಡ ನಿಂತಿರುತ್ತದೆ. ಅದು ಸೋರಿದರೆ ಒತ್ತಡ ಇಳಿದು, ಬಿಸಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಪಂಪ್ ಆ ಗುಳ್ಳೆಗಳನ್ನು ತಳ್ಳುವವರೆಗೆ ಎಂಜಿನ್ ಹಿಡಿಯುವುದಿಲ್ಲ. ತಣ್ಣಗಿದ್ದಾಗ ಗುಳ್ಳೆಯ ಕಾಟ ಇಲ್ಲ, ಹಾಗಾಗಿ ಬೆಳಿಗ್ಗೆ ತೊಂದರೆಯೇ ಕಾಣುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಕೀಯನ್ನು ಆನ್‌ಗೆ ತಿರುಗಿಸಿ, ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಆನ್ ಮಾಡಿದಾಗಲೆಲ್ಲ ಪಂಪ್ ಸ್ವಲ್ಪ ಹೊತ್ತು ಓಡಿ ಒತ್ತಡ ಕಟ್ಟುತ್ತದೆ. ಹೀಗೆ ಎರಡು ಸಲ ಮಾಡಿ, ಮೂರನೆಯ ಸಲ ಸ್ಟಾರ್ಟ್ ಮಾಡಿ. ತಟ್ಟನೆ ಹಿಡಿದರೆ ಒತ್ತಡವೇ ಇಳಿಯುತ್ತಿದೆ. ಬದಲಿಗೆ ಎಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಹಿಡಿದರೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಕೂಲಂಟ್‌ನ ಬಿಸಿ ಅಳೆಯುವ ಸೆನ್ಸರ್ ಕೆಟ್ಟು, ಎಂಜಿನ್ ಇನ್ನೂ ತಣ್ಣಗಿದೆ ಎಂದು ಸುಳ್ಳು ಹೇಳುತ್ತಿರಲೂಬಹುದು. ಅದನ್ನು ಮೆಕ್ಯಾನಿಕ್‌ನ ಸ್ಕ್ಯಾನರ್‌ನಲ್ಲಿ ನೋಡಿ. ಬಿಸಿ ಎಂಜಿನ್‌ಗೆ 80ರಿಂದ 100 ಡಿಗ್ರಿ ತೋರಿಸಬೇಕು.

ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ದಾರಿ ಬೇರೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದು ಸರಿಯಿದ್ದರೆ ಅರ್ತ್ ವಯರ್, ಅಂದರೆ ಬ್ಯಾಟರಿಯ ನೆಗೆಟಿವ್ ತುದಿಯಿಂದ ಕಾರಿನ ಬಾಡಿಗೆ ಹೋಗುವ ವಯರ್, ಬಿಚ್ಚಿ ನೋಡಿ. ನನ್ನ ಕಾರಿಗೆ ಒಂದು ಗ್ಯಾರೇಜಿನವರು ಸುಮ್ನೆ ಹೊಸ ಬ್ಯಾಟರಿ ಹಾಕಿಸಿದ್ದರು. ತೊಂದರೆ ಹಾಗೇ ಉಳಿಯಿತು. ನಿಜವಾಗಿ ಆ ವಯರಿನ ತುದಿ ತುಕ್ಕು ಹಿಡಿದಿತ್ತು. ಕಡಲ ಉಪ್ಪುಗಾಳಿಯ ಕೆಲಸ ಅದು. ಉಜ್ಜಿ, ಬಿಗಿ ಮಾಡಿದ ಮೇಲೆ ಸರಿಹೋಯಿತು. ವಯರೂ ಚೆನ್ನಾಗಿದ್ದರೆ ಸೆಲ್ಫ್ ಮೋಟರನ್ನೇ ಬಿಚ್ಚಿಸಬೇಕು, ಹಳೆಯದಾದ ಮೋಟರ್ ಬಿಸಿಯಲ್ಲಿ ಸೋಲುತ್ತದೆ.

ಒಂದು ಮಾತು: ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಡಿದರೆ ಮತ್ತೆ ಕೀ ತಿರುಗಿಸಲೇಬೇಡಿ. ಮೆಕ್ಯಾನಿಕ್‌ನನ್ನು ಕಾರಿದ್ದಲ್ಲಿಗೇ ಕರೆಸಿ.