ಮೂರು ಸಲ ಟೈಟ್ರೇಷನ್ ಮಾಡಿದರೆ ಮೂರು ರೀಡಿಂಗ್: ತಪ್ಪು ಎಲ್ಲಿದೆ?

ಪ್ರಶ್ನೆ: ಬೆಂಗಳೂರಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಟೈಟ್ರೇಷನ್ ಮೂರು ಸಲ ಮಾಡಿದರೆ ಮೂರು ಬೇರೆ ಬೇರೆ ರೀಡಿಂಗ್ ಬರುತ್ತವೆ. ಪಕ್ಕದ ಟೇಬಲ್‌ನವರದು ಹೊಂದುತ್ತದೆ, ನನ್ನದು ಮಾತ್ರ ಹೊಂದುವುದಿಲ್ಲ. ಯಾಕೆ?

ಉತ್ತರ: ಟೈಟ್ರೇಷನ್ ಎಂದರೆ ಬ್ಯುರೆಟ್‌ನಿಂದ (ಕೆಳಗೆ ನಲ್ಲಿಯಿರುವ ಅಳತೆಗೊಳವೆ) ಒಂದು ದ್ರಾವಣವನ್ನು ಫ್ಲಾಸ್ಕಿನಲ್ಲಿರುವ ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು, ಕ್ರಿಯೆ ಮುಗಿಯಲು ಎಷ್ಟು ಬೇಕಾಯಿತು ಎಂದು ಅಳೆಯುವುದು. ಮೊದಲ ಮಾತು, ಹೊಂದದ ರೀಡಿಂಗ್‌ಗಳನ್ನು ಅಳಿಸಬೇಡಿ. ಅವು ಯಾವ ರೀತಿಯಲ್ಲಿ ತಪ್ಪಿವೆ ಎಂಬುದರಲ್ಲೇ ತಪ್ಪು ಎಲ್ಲಿದೆ ಎಂಬ ಸುಳಿವು ಇರುತ್ತದೆ. ನಿಮ್ಮ ಕಾಲೇಜು ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿರಲಿ, ಸೆಂಟ್ರಲ್ ಕಾಲೇಜು ಆವರಣದ ನಗರ ವಿಶ್ವವಿದ್ಯಾಲಯಕ್ಕೆ ಸೇರಿರಲಿ, ಬ್ಯುರೆಟ್ ಕಲಿಸುವ ಪಾಠ ಒಂದೇ.

50 ಮಿ.ಲೀ. ಬ್ಯುರೆಟ್‌ನ ಒಂದು ಗೆರೆ 0.1 ಮಿ.ಲೀ. ಅದರ ತುದಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಹಾಗಾಗಿ ಎರಡು ರೀಡಿಂಗ್‌ಗಳ ನಡುವೆ 0.1ರಷ್ಟು ವ್ಯತ್ಯಾಸ ಬಂದರೆ ಹೊಂದಿತೆಂದೇ ಲೆಕ್ಕ. ಅಂದಾಜಿಗೆಂದು ಬೇಗಬೇಗ ಮಾಡಿದ ಮೊದಲ ಟೈಟ್ರೇಷನ್ನನ್ನು ಸರಾಸರಿಗೆ ಸೇರಿಸಬೇಡಿ.

ಮೊದಲ ರೀಡಿಂಗ್ ಹೆಚ್ಚು ಬಂದು ಮುಂದಿನವು ಇಳಿದರೆ ಬ್ಯುರೆಟ್ ನೋಡಿ. ನಲ್ಲಿಯ ಕೆಳಗಿನ ಚೂಪಿನಲ್ಲಿ ಗಾಳಿಗುಳ್ಳೆ ಕೂತಿರುತ್ತದೆ. ಟೈಟ್ರೇಷನ್ ನಡುವೆ ಅದು ಹೊರಟುಹೋದಾಗ ಆ ಜಾಗವನ್ನು ದ್ರಾವಣ ತುಂಬಿಕೊಳ್ಳುತ್ತದೆ. ಫ್ಲಾಸ್ಕಿಗೆ ಬೀಳದ ದ್ರಾವಣವೂ ಬಿದ್ದಂತೆ ಲೆಕ್ಕಕ್ಕೆ ಬರುತ್ತದೆ. ತುಂಬಿದ ಕೂಡಲೇ ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ರಭಸದಿಂದ ಬಿಟ್ಟರೆ ಗುಳ್ಳೆ ಹೋಗುತ್ತದೆ. ಗುಳ್ಳೆ ಇಲ್ಲದಿದ್ದರೆ, ತೊಳೆದ ನೀರು ಒಳಗೋಡೆಯಲ್ಲಿ ಉಳಿದು ದ್ರಾವಣವನ್ನು ತೆಳುವಾಗಿಸಿರಬಹುದು. ತುಂಬುವ ದ್ರಾವಣದಿಂದಲೇ 5 ಮಿ.ಲೀ.ನಂತೆ ಎರಡು ಸಲ ಜಾಲಾಡಿಸಿ, ಚೂಪಿನ ಮೂಲಕವೇ ಹೊರಬಿಡಿ. ತುಂಬಿದ ಮೇಲೆ ಆಲಿಕೆಯನ್ನು ತೆಗೆದಿಡಿ, ಅದರಿಂದ ಆಮೇಲೆ ಜಾರಿ ಬೀಳುವ ಹನಿಯೂ ರೀಡಿಂಗ್ ಕೆಡಿಸುತ್ತದೆ.

ರೀಡಿಂಗ್‌ಗಳು ಲೆಕ್ಕತಪ್ಪಿ ಮೇಲೆ ಕೆಳಗೆ ಆಗುತ್ತಿದ್ದರೆ ಕೋನಿಕಲ್ ಫ್ಲಾಸ್ಕ್ ನೋಡಿ. ನಾವು ಅತಿ ಹೆಚ್ಚು ಕಾಣುವ ತಪ್ಪು ಇದೇ: ಬ್ಯುರೆಟ್, ಪಿಪೆಟ್‌ಗಳನ್ನು ದ್ರಾವಣದಿಂದ ಜಾಲಾಡಿಸಿದ ಕೈ ಫ್ಲಾಸ್ಕನ್ನೂ ಹಾಗೆಯೇ ಜಾಲಾಡಿಸಿಬಿಡುತ್ತದೆ. ಪಿಪೆಟ್ 20 ಮಿ.ಲೀ. ಅಳೆದು ಕೊಟ್ಟಿತು, ಆದರೆ ಫ್ಲಾಸ್ಕಿನಲ್ಲಿ ಮೊದಲೇ 1 ಮಿ.ಲೀ. ಅದೇ ದ್ರಾವಣ ಉಳಿದಿತ್ತು ಎಂದುಕೊಳ್ಳಿ. 20.0 ಬರಬೇಕಾದದ್ದು 21.0 ಬರುತ್ತದೆ. ಉಳಿಯುವ ಪ್ರಮಾಣ ಪ್ರತಿ ಸಲವೂ ಬೇರೆ, ಆದ್ದರಿಂದ ರೀಡಿಂಗ್ ಕೂಡ ಬೇರೆ. ಫ್ಲಾಸ್ಕನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾತ್ರ ತೊಳೆಯಿರಿ. ಒಳಗೆ ನೀರು ಉಳಿದರೂ ಚಿಂತೆಯಿಲ್ಲ, ನೀರು ಸೇರಿದ ಮಾತ್ರಕ್ಕೆ ಒಳಗಿರುವ ಮೋಲ್‌ಗಳು ಹೆಚ್ಚುವುದಿಲ್ಲ. ಪಿಪೆಟ್‌ನ ತುದಿಯನ್ನು ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ ಇಳಿಯಲು ಬಿಡಿ. ತುದಿಯಲ್ಲಿ ನಿಲ್ಲುವ ಕೊನೆಯ ಹನಿಯನ್ನು ಊದಬೇಡಿ, ಅದನ್ನು ಬಿಟ್ಟೇ 20 ಎಂದು ಗುರುತು ಹಾಕಿರುತ್ತಾರೆ.

ಇನ್ನು ಎಂಡ್ ಪಾಯಿಂಟ್, ಅಂದರೆ ಕ್ರಿಯೆ ಮುಗಿಯಿತೆಂದು ಬಣ್ಣ ತೋರಿಸುವ ಹಂತ. ಆಮ್ಲ-ಪ್ರತ್ಯಾಮ್ಲ ಟೈಟ್ರೇಷನ್‌ನಲ್ಲಿ ಸೂಚಕವಾಗಿ ಫಿನಾಲ್ಫ್ತಲೀನ್ ಎರಡು ಹನಿ ಸಾಕು, ತೆಳು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮುಗಿಯಿತು. ಆಮೇಲೆ ಬಣ್ಣ ಮಾಸುವುದು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ. ಅದನ್ನು ನೋಡಿ ಮತ್ತೊಂದು ಹನಿ ಹಾಕಬೇಡಿ.

ಪರ್ಮ್ಯಾಂಗನೇಟ್-ಆಕ್ಸಾಲಿಕ್ ಆಮ್ಲದ ಟೈಟ್ರೇಷನ್‌ಗೆ ಹೆಚ್ಚು ತಾಳ್ಮೆ ಬೇಕು. ಫ್ಲಾಸ್ಕಿಗೆ ಸಾರರಿಕ್ತ (ಡೈಲ್ಯೂಟ್) ಸಲ್ಫ್ಯೂರಿಕ್ ಆಮ್ಲ ಸೇರಿಸಿ 60-70 ಡಿಗ್ರಿಗೆ ಬಿಸಿ ಮಾಡಬೇಕು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಉತ್ಕರ್ಷಿಸಿ ತಾನೇ ಖರ್ಚಾಗುತ್ತದೆ, ರೀಡಿಂಗ್ ಏರುತ್ತದೆ. ಕುದಿಯುವವರೆಗೆ ಬಿಸಿ ಮಾಡಿದರೆ ಆಕ್ಸಾಲಿಕ್ ಆಮ್ಲವೇ ಒಡೆಯತೊಡಗಿ ರೀಡಿಂಗ್ ಇಳಿಯುತ್ತದೆ. ಮೊದಲ ಹನಿಯ ಬಣ್ಣ ಬೇಗ ಹೋಗುವುದಿಲ್ಲ. ಆಗ ಗಾಬರಿಯಾಗಿ ಇನ್ನಷ್ಟು ಬಿಡಬೇಡಿ, ಫ್ಲಾಸ್ಕನ್ನು ತಿರುಗಿಸುತ್ತಾ ಕಾಯಿರಿ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಮುಂದಿನ ಕ್ರಿಯೆಯ ವೇಗ ಹೆಚ್ಚಿಸುತ್ತವೆ, ಆಮೇಲಿನ ಹನಿಗಳು ಬಿದ್ದಲ್ಲೇ ಬಣ್ಣ ಕಳೆದುಕೊಳ್ಳುತ್ತವೆ. ಫ್ಲಾಸ್ಕಿನಲ್ಲಿ ಕಂದು ಮಬ್ಬು ಕಂಡರೆ ಆಮ್ಲ ಕಡಿಮೆಯಾಗಿದೆ, ಅಥವಾ ಅವಸರದಿಂದ ಬಿಟ್ಟಿದ್ದೀರಿ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಆ ಫ್ಲಾಸ್ಕನ್ನು ಚೆಲ್ಲಿ ಹೊಸದಾಗಿ ಶುರುಮಾಡಿ. ಬ್ಯುರೆಟ್‌ನಲ್ಲಿರುವ ಕಡುಬಣ್ಣದ ಪರ್ಮ್ಯಾಂಗನೇಟ್‌ನಲ್ಲಿ ದ್ರವದ ಮೇಲ್ಮೈಯ ಕೆಳಬಾಗು (ಮೆನಿಸ್ಕಸ್) ಕಾಣುವುದಿಲ್ಲ, ಪ್ರತಿ ಸಲವೂ ಮೇಲಂಚನ್ನೇ ಓದಿ. ಆಕ್ಸಾಲಿಕ್ ಆಮ್ಲದ ಬದಲು ಮೋರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ಆದರೆ ಬಿಸಿ ಮಾಡಲೇಬಾರದು, ಫೆರಸ್ ಕಬ್ಬಿಣ ಗಾಳಿಗೇ ಉತ್ಕರ್ಷಣಗೊಳ್ಳುತ್ತದೆ.

ಇಡಿಟಿಎಯಿಂದ (ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ನೀರಿನ ಗಡಸುತನ ಅಳೆಯುವಾಗ ಬೆಂಗಳೂರಿನವರು ಒಂದು ವಿಷಯ ವಿಶೇಷವಾಗಿ ನೆನಪಿಡಬೇಕು. ಲ್ಯಾಬಿನ ನಲ್ಲಿಗೆ ಕೊಳವೆಬಾವಿಯ ನೀರು ಬರುತ್ತಿದ್ದು, ಅದರ ಗಡಸುತನ ಲೀಟರಿಗೆ 300 ಮಿ.ಗ್ರಾಂ. ಇದೆ ಎನ್ನೋಣ. 0.01 ಮೋಲಾರ್ ಇಡಿಟಿಎ 1 ಮಿ.ಲೀ. ಎಂದರೆ 1 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್. ನಲ್ಲಿನೀರಿನಲ್ಲಿ ತೊಳೆದ ಫ್ಲಾಸ್ಕಿನಲ್ಲಿ 2 ಮಿ.ಲೀ. ಉಳಿದರೂ ರೀಡಿಂಗ್‌ಗೆ 0.6 ಮಿ.ಲೀ. ಸೇರಿತು. ಬೇರೆ ಟೈಟ್ರೇಷನ್‌ನಲ್ಲಿ ಲೆಕ್ಕಕ್ಕೆ ಬಾರದ ನೀರು ಇಲ್ಲಿ ಫಲಿತಾಂಶವನ್ನೇ ತಿರುಗಿಸುತ್ತದೆ. ಕೊನೆಯ ಜಾಲಾಟ ಡಿಸ್ಟಿಲ್ಡ್ ವಾಟರ್‌ನದೇ ಆಗಿರಲಿ. ಸೂಚಕದ ಬಣ್ಣ ದ್ರಾಕ್ಷಿಗೆಂಪಿನಿಂದ ನೀಲಿಗೆ ಸ್ಪಷ್ಟವಾಗಿ ತಿರುಗದಿದ್ದರೆ, ಪಿಎಚ್ ಕಾಯ್ದುಕೊಳ್ಳುವ ಬಫರ್ ದ್ರಾವಣದ ಬಾಟಲಿಯನ್ನು ಅನುಮಾನಿಸಿ. ಮುಚ್ಚಳ ತೆರೆದೇ ಇದ್ದರೆ ಅಮೋನಿಯಾ ಹಾರಿಹೋಗಿ ಪಿಎಚ್ 10 ಉಳಿದಿರುವುದಿಲ್ಲ. ಕೊನೆಯ ಹನಿಗಳ ನಡುವೆ ಕೆಲವು ಸೆಕೆಂಡು ಬಿಡಿ, ಕ್ರಿಯೆ ಅಲ್ಲಿ ನಿಧಾನ.

ರೀಡಿಂಗ್‌ಗಳು ತಮ್ಮಲ್ಲೇ ಹೊಂದುತ್ತವೆ, ಉತ್ತರ ಮಾತ್ರ ತಪ್ಪು ಎಂದಾದರೆ, ಬ್ಯುರೆಟ್ ಬಿಟ್ಟು ಸ್ಟ್ಯಾಂಡರ್ಡ್ ದ್ರಾವಣದ (ಸಾಂದ್ರತೆ ಖಚಿತವಾಗಿ ಗೊತ್ತಿರುವ ದ್ರಾವಣ) ಕಡೆ ನೋಡಿ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿ.ಲೀ. ಮಾಡಲು 1.576 ಗ್ರಾಂ ಹರಳು ಬೇಕು. ತಕ್ಕಡಿಯ ಮುಂದೆ ಸಾಲು ನಿಂತಿರುವಾಗ ಕರಾರುವಾಕ್ಕಾಗಿ 1.576ನ್ನೇ ತರಲು ಒದ್ದಾಡಬೇಡಿ. 1.55ರಿಂದ 1.60ರೊಳಗೆ ಎಷ್ಟು ಬಂದರೂ ಸರಿ, ಬಂದದ್ದನ್ನು ಮೂರು ದಶಮಾಂಶದವರೆಗೆ ಬರೆದುಕೊಂಡು ಸಾಂದ್ರತೆ ಲೆಕ್ಕ ಹಾಕಿ. ಆಲಿಕೆಗೆ ಅಂಟಿದ ಹರಳನ್ನೂ ತೊಳೆದು ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಇಳಿಸಿ. ಗುರುತಿನವರೆಗೆ ನೀರು ತುಂಬಿದ ಮೇಲೆ ಬಿರಡೆ ಹಿಡಿದು ಹದಿನೈದು ಇಪ್ಪತ್ತು ಸಲ ತಲೆಕೆಳಗು ಮಾಡಿ, ಇಲ್ಲದಿದ್ದರೆ ಮೇಲಿನದು ತೆಳು, ಕೆಳಗಿನದು ಗಾಢ.

ಪಕ್ಕದ ಟೇಬಲ್‌ನವರ ರೀಡಿಂಗ್ ವಿಷಯಕ್ಕೆ ಬರೋಣ. ಪರ್ಮ್ಯಾಂಗನೇಟ್ ಎಲ್ಲರಿಗೂ ಒಂದೇ ಬಾಟಲಿಯದು, ಆದರೆ ಆಕ್ಸಾಲಿಕ್ ಆಮ್ಲ ಅವರವರು ತೂಗಿದ್ದು. ಅವರು 1.598 ಗ್ರಾಂ ತೂಗಿ ಅವರಿಗೆ 20.3 ಬಂದಿದ್ದರೆ, 1.561 ಗ್ರಾಂ ತೂಗಿದ ನಿಮಗೆ 19.8 ಬರಬೇಕು. ನೀವೂ 20.3 ಎಂದು ಬರೆದರೆ, ಸರಿಯಾಗಿದ್ದ ನಿಮ್ಮ ರೀಡಿಂಗನ್ನು ನೀವೇ ತಪ್ಪು ಮಾಡಿಕೊಂಡಂತೆ.