ಸುಟ್ಟ ಗಾಯಕ್ಕೆ ಹಚ್ಚಿದ್ದು, ತೊಳೆದದ್ದು

ಬೀದರ್‌ನಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಕಾದ ರೊಟ್ಟಿ ಹಂಚಿನ ಮೇಲೆ ಅಂಗೈ ಊರಿಬಿಟ್ಟ. ಮನೆಯವರು ಗಾಬರಿಯಲ್ಲಿ ಪೆನ್ನಿನ ಇಂಕು ಸುರಿದರು. ದವಾಖಾನೆಯಲ್ಲಿ ನರ್ಸ್ ಆ ನೀಲಿ ತೊಳೆಯುವಾಗ ಅವನು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬಣ್ಣ ಹೋಗದೆ ಗಾಯ ಎಷ್ಟು ಆಳ ಅಂತ ತಿಳಿಯೋದೇ ಇಲ್ಲ. ಹರಿಯುವ ನಲ್ಲಿ ನೀರಿಗೆ 20 ನಿಮಿಷ ಕೈ ಹಿಡಿದಿದ್ದರೆ ಸಾಕಿತ್ತು.

ಆದರೆ ಮನೆಯವರನ್ನು ಸುಮ್ನೆ ಬೈಯೋದು ಬೇಡ. ಒಂದು ಕಾಲಕ್ಕೆ ಡಾಕ್ಟರರೇ ಹೀಗೆ ಹಚ್ಚುತ್ತಿದ್ದರು. 1925ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಸರ್ಜನ್ ಡೇವಿಡ್ಸನ್ ಸುಟ್ಟ ಗಾಯಕ್ಕೆ ಟ್ಯಾನಿಕ್ ಆಮ್ಲ ಬಳಕೆಗೆ ತಂದರು. ಚಕ್ಕಳ ಹದ ಮಾಡುವ ತೊಗಟೆಯಲ್ಲಿರುವ ಒಗರೇ ಅದು. ಗಾಯದ ಮೇಲೆ ಗಟ್ಟಿ ಹಕ್ಕಳೆ ಕಟ್ಟಿ, ಸೋರುವುದು ನಿಲ್ಲುತ್ತಿತ್ತು.

1940ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಇದರ ಇನ್ನೊಂದು ಮುಖ ಕಂಡಿತು. ಬ್ರಿಟನ್ನಿನ ಹರಿಕೇನ್ ಯುದ್ಧವಿಮಾನದಲ್ಲಿ ಪೈಲಟ್‌ನ ಎದುರಿಗೇ ಒಂದು ಪೆಟ್ರೋಲ್ ಟ್ಯಾಂಕ್ ಇತ್ತು. ಗುಂಡು ತಗುಲಿದರೆ ಬೆಂಕಿ ನೇರ ಮುಖಕ್ಕೆ, ಕೈಗೆ. ಹಕ್ಕಳೆ ಬಿಗಿದಂತೆ ಬೆರಳು ಸೆಟೆದವು, ಕಣ್ಣಿನ ರೆಪ್ಪೆ ಮುಚ್ಚದಾಯಿತು. ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಊರಿನ ಆಸ್ಪತ್ರೆಯ ಸರ್ಜನ್ ಆರ್ಚಿಬಾಲ್ಡ್ ಮೆಕಿಂಡೋ ಒಂದು ಸಂಗತಿ ಗಮನಿಸಿದರು. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಗಾಯ ನೆಲಕ್ಕೆ ಬಿದ್ದವರದ್ದಕ್ಕಿಂತ ಚೆನ್ನಾಗಿ ಮಾಯುತ್ತಿತ್ತು. ಅವರು ಟ್ಯಾನಿಕ್ ಆಮ್ಲ ಬಿಟ್ಟು, ಬೆಚ್ಚಗಿನ ಉಪ್ಪುನೀರಿನ ತೊಟ್ಟಿಯಲ್ಲಿ ಗಾಯಾಳುಗಳನ್ನು ಕೂರಿಸಿದರು. ಅಂಟಿದ ಪಟ್ಟಿ ನೆನೆದು ತಾನಾಗಿ ಬಿಡುತ್ತಿತ್ತು. ಚರ್ಮದ ಕಸಿ, ಅಂದರೆ ಬೇರೆ ಕಡೆಯ ಚರ್ಮ ತೆಗೆದು ಗಾಯಕ್ಕೆ ಕೂರಿಸೋದು, ಆಮೇಲೆ. ಅವರ ಕೈಯಲ್ಲಿ ಗುಣವಾದವರು 1941ರಲ್ಲಿ 'ಗಿನಿಪಿಗ್ ಕ್ಲಬ್' ಕಟ್ಟಿಕೊಂಡರು. ಯುದ್ಧ ಮುಗಿಯುವಷ್ಟರಲ್ಲಿ ಸದಸ್ಯರು 649. ಊರಿನವರು ಆ ಮುಖಗಳನ್ನು ದಿಟ್ಟಿಸಿ ನೋಡದೆ, ಎಲ್ಲರಂತೆ ಮಾತಾಡಿಸಿದರು. ನನ್ನ ಮಟ್ಟಿಗೆ ಅದೂ ಚಿಕಿತ್ಸೆಯೇ. ಬೀದರ್ ಮೇಲೆ ವಾಯುಪಡೆಯ ಹಾಕ್ ವಿಮಾನ ಹಾದುಹೋದಾಗ ಆ ಪೈಲಟ್ ಹುಡುಗರೇ ನೆನಪಾಗುತ್ತಾರೆ.

ಗಾಯ ಮಾಯುವುದು ಆಮೇಲಿನ ಮಾತು. ಮೊದಲು ಜೀವ ತೆಗೆಯುವುದು ಮೈಯಿಂದ ಸೋರಿಹೋಗುವ ದ್ರವ. ಸುಟ್ಟವರಿಗೆ ಎಷ್ಟು ಡ್ರಿಪ್ ಕೊಡಬೇಕೆಂದು ಹೇಳುವ 1968ರ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ, 60 ಕೆ.ಜಿ. ತೂಕದವನ ಮೈ ಶೇ. 30ರಷ್ಟು ಸುಟ್ಟರೆ 24 ಗಂಟೆಯಲ್ಲಿ 7.2 ಲೀಟರ್ ಡ್ರಿಪ್ ಬೇಕು. ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು. ಆ ಗಂಟೆಗಳ ಎಣಿಕೆ ಸುಟ್ಟ ಕ್ಷಣದಿಂದ ಶುರು, ದವಾಖಾನೆ ಮುಟ್ಟಿದಾಗಿನಿಂದ ಅಲ್ಲ. ದವಾಖಾನೆ ದೂರ ಇರುವ ಗಡಿಯ ಸೈನಿಕನಿಗೂ, ಔರಾದ್ ಕಡೆಯ ಹಳ್ಳಿಯವರಿಗೂ ಇದೇ ಕಷ್ಟ, ಅಲ್ವಾ?

ಮೈ ಜಾಸ್ತಿ ಸುಟ್ಟರೆ ಕಸಿಗೆ ಸ್ವಂತ ಚರ್ಮ ಸಾಲದು. ಅದಕ್ಕೇ 2024ರಲ್ಲಿ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ತೆರೆದರು. ತೀರಿಕೊಂಡವರ ಚರ್ಮವನ್ನು ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಅದು ಗಾಯದ ಮೇಲೆ ಕೆಲವು ವಾರ ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಗಾಯಾಳುವಿನ ತೊಡೆಯಲ್ಲಿ ಕಸಿಗೆಂದು ತೆಗೆದ ಜಾಗ ಮಾಯ್ದು, ಅಲ್ಲಿಂದಲೇ ಮತ್ತೊಮ್ಮೆ ಚರ್ಮ ತೆಗೆಯಬಹುದು.