ಟೈರ್ ಗಾಳಿ ಮತ್ತು ಟಿಪಿಎಂಎಸ್ ಲೈಟ್: ನನ್ನ ನೋಟ್ಸ್, ನಿಮಗೂ ಆಗುತ್ತೆ

ಐಟಿಐನಲ್ಲಿ ನನ್ನ ಜೊತೆ ಮೋಟಾರ್ ಮೆಕ್ಯಾನಿಕ್ ಓದುತ್ತಿರುವವರಿಗೆ ಅಂತ ಬರೆದ ನೋಟ್ಸ್ ಇದು. ಟಿಪಿಎಂಎಸ್ ಅಂದರೆ ಟೈರ್ ಗಾಳಿ ಕಮ್ಮಿಯಾದರೆ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಹಾಕಿ ಎಚ್ಚರಿಸುವ ವ್ಯವಸ್ಥೆ. ಹೊಸದಾಗಿ ಕಾರು ಕಲಿಯುತ್ತಿರುವವರೂ ಓದಬಹುದು. ಟೈರ್ ಪಾಠ ಕ್ಲಾಸಿನಲ್ಲಿ ಬೇಗ ಮುಗಿದುಹೋಯಿತು. ನಾನೂ ಪರೀಕ್ಷೆಗೆ ಬೇಕಾದಷ್ಟು ಬರೆದುಕೊಂಡು ಸುಮ್ಮನಾಗಿದ್ದೆ. ಆಮೇಲೆ ನಮ್ಮ ಚಿಕ್ಕಪ್ಪನ ಕಾರಿನಲ್ಲಿ ಒಂದು ವಿಷಯ ಕಣ್ಣಾರೆ ನೋಡಿದ ಮೇಲೆ, ಪುಸ್ತಕ ತೆಗೆದು ಮೊದಲಿಂದ ಓದಿದೆ.

ಹಾಸನದಲ್ಲಿ ಡಿಸೆಂಬರ್ ಬೆಳಗ್ಗೆ ಆರೂವರೆ. ಚಿಕ್ಕಪ್ಪ ಮನೆಯವರನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬ ಬ್ಯಾಗ್ ಹಾಕಿಕೊಂಡು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದರು. ನನ್ನ ಹತ್ತಿರ ಹೊಸದಾಗಿ ತಗೊಂಡಿದ್ದ, ಟೈರ್ ಗಾಳಿ ಅಳೆಯುವ ಗೇಜ್ ಇತ್ತು.

"ಲೈಟೇ ಬಂದಿಲ್ವಲ್ಲೋ, ಗಾಳಿ ಇದೆ ಬಿಡು" ಅಂದರು.

"ಎರಡೇ ನಿಮಿಷ ಚಿಕ್ಕಪ್ಪ" ಅಂದೆ.

ವಾಲ್ವ್ ಕ್ಯಾಪ್ ಬಿಚ್ಚಿ ಗೇಜ್ ನೇರವಾಗಿ ಒತ್ತಿದೆ. ಓರೆಯಾದರೆ ಸ್ಸ್ ಅಂತ ಗಾಳಿ ಹೋಗುತ್ತೆ, ನಂಬರ್ ತಪ್ಪು ಬರುತ್ತೆ. ಅದಕ್ಕೆ ಒಂದೇ ಏಟಿಗೆ, ಗಟ್ಟಿಯಾಗಿ ಒತ್ತಬೇಕು. ಮುಂದಿನ ಎರಡು ಟೈರ್ 30, 31 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ). ಹಿಂದೆ ಬಲಗಡೆ 30. ಹಿಂದೆ ಎಡಗಡೆ 22! ನಂಬಿಕೆ ಬರದೆ ಮೂರು ಸಲ ನೋಡಿದೆ. ಅದೇ 22. ಕಾರಿನ ಸ್ಟಿಕ್ಕರ್‌ನಲ್ಲಿ ಇದ್ದದ್ದು 33. ಅಂದರೆ ಇರಬೇಕಾದ ಪ್ರೆಷರ್‌ನಲ್ಲಿ ಮೂರರಲ್ಲಿ ಒಂದು ಪಾಲು ಇಲ್ಲ. ನೋಡೋಕೆ ಮಾತ್ರ ನಾಲ್ಕೂ ಒಂದೇ ಥರ ಕಾಣುತ್ತಿದ್ದವು. ಈಗಿನ ಕಾರುಗಳಲ್ಲಿರುವ ರೇಡಿಯಲ್ ಟೈರ್ ಸರಿಯಾಗಿ ಗಾಳಿ ಇದ್ದಾಗಲೂ ಕೆಳಗಡೆ ಸ್ವಲ್ಪ ಉಬ್ಬಿಕೊಂಡೇ ಇರುತ್ತೆ, ಅದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಕಾಲಲ್ಲಿ ಒದ್ದು ನೋಡಿದರಂತೂ ಏನೂ ಗೊತ್ತಾಗಲ್ಲ.

ಆ ಕಾರಿನಲ್ಲಿ ಟಿಪಿಎಂಎಸ್ ಇದೆ. ಹಾಗಿದ್ದೂ ಲೈಟ್ ಯಾಕೆ ಬರಲಿಲ್ಲ? ಉತ್ತರ ಮುಂದೆ ಹೇಳ್ತೀನಿ, ಅದಕ್ಕೆ ಮೊದಲು ಒಂದೆರಡು ವಿಷಯ ಗೊತ್ತಿರಬೇಕು.

ಎಷ್ಟು ಹಾಕಬೇಕು?

ಬಂಕಿಗೆ ಹೋದರೆ ಗಾಳಿ ಹೊಡೆಯುವ ಹುಡುಗ ಕೇಳುವ ಮೊದಲ ಮಾತು "ಎಷ್ಟು ಹಾಕ್ಲಿ ಸಾರ್?" ನಮ್ಮಲ್ಲಿ ಜಾಸ್ತಿ ಜನ "ಎಲ್ಲದಕ್ಕೂ ಹಾಕುವಷ್ಟೇ ಹಾಕಪ್ಪ" ಅಂತಾರೆ. ಹಾಗೆ ಎಲ್ಲ ಕಾರಿಗೂ ಆಗುವ ಒಂದು ನಂಬರ್ ಇಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಕೆಲವು ಕಾರಿನಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ ಇರುತ್ತೆ. ನಿಮ್ಮ ಕಾರಿಗೆ ಅದೇ ನಂಬರ್. ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ ಇರಬಹುದು. ಐದು ಜನ ಮತ್ತು ಲಗೇಜ್ ಇದ್ದಾಗ ಎಷ್ಟು ಅಂತಲೂ ಬೇರೆ ಸಾಲು ಇರಬಹುದು. ಸ್ಟಿಕ್ಕರ್‌ನಲ್ಲಿ ಪಿಎಸ್‌ಐ ಬದಲು ಬಾರ್ ಅಥವಾ ಕಿಲೋಪಾಸ್ಕಲ್ ಇದ್ದರೆ ಗಾಬರಿ ಬೇಡ: 1 ಬಾರ್ ಅಂದರೆ 14.5 ಪಿಎಸ್‌ಐ, 230 ಕಿಲೋಪಾಸ್ಕಲ್ ಅಂದರೆ ಸುಮಾರು 33 ಪಿಎಸ್‌ಐ.

ಟೈರ್ ಗೋಡೆಯ ಮೇಲೆ ಅಚ್ಚಾಗಿರುವ ನಂಬರ್ ನೋಡಿ ಮೋಸ ಹೋಗಬೇಡಿ. ಅಲ್ಲಿ 44 ಪಿಎಸ್‌ಐ ಅಂತ ಇದ್ದರೆ ಅದು ಆ ಟೈರ್‌ಗೆ ಹಾಕಬಹುದಾದ ಗರಿಷ್ಠ ಗಾಳಿ. ಟೈರ್ ಮಾಡಿದವರಿಗೆ ಅದು ಯಾವ ಕಾರಿಗೆ ಹೋಗುತ್ತೆ ಅಂತ ಗೊತ್ತಿರಲ್ಲ, ಕಾರು ಮಾಡಿದವರಿಗೆ ಗೊತ್ತಿರುತ್ತೆ, ಅಷ್ಟೇ ವ್ಯತ್ಯಾಸ.

ಗಾಳಿ ಕಮ್ಮಿ ಇದ್ದರೆ ಟೈರ್‌ನ ಎರಡೂ ಅಂಚು ಸವೆಯುತ್ತೆ, ಜಾಸ್ತಿ ಇದ್ದರೆ ನಡುಭಾಗ ಸವೆಯುತ್ತೆ. ಇದು ಪರೀಕ್ಷೆಯಲ್ಲಿ ಕೇಳ್ತಾರೆ, ಎಲ್ಲರಿಗೂ ಗೊತ್ತು. ನನಗೆ ತಟ್ಟಿದ್ದು ಬಿಸಿಯ ಲೆಕ್ಕ. 185/65 ಆರ್15 ಸೈಜಿನ ಟೈರ್ ಒಂದು ಕಿಲೋಮೀಟರ್‌ಗೆ ಸುಮಾರು 510 ಸುತ್ತು ಸುತ್ತುತ್ತೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 850 ಸುತ್ತು. ಪ್ರತಿ ಸುತ್ತಿಗೂ ಟೈರ್ ಗೋಡೆ ಒಂದು ಸಲ ಮಡಿಚಿ ಬಿಚ್ಚುತ್ತೆ. ಗಾಳಿ ಕಮ್ಮಿ ಇದ್ದರೆ ಜಾಸ್ತಿ ಮಡಿಚುತ್ತೆ, ಒಳಗೇ ಬಿಸಿ ಹುಟ್ಟುತ್ತೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಗ್ಗುವ ಜಾಗ ಬೆಚ್ಚಗಾಗುತ್ತಲ್ವಾ, ಹಾಗೇ. ರಬ್ಬರ್ ಮತ್ತು ಒಳಗಿನ ದಾರಗಳ ಹಿಡಿತ ಬಿಡುವುದು ಈ ಬಿಸಿಗೆ.

ತಣ್ಣಗಿದ್ದಾಗ ಅಂದರೆ ಯಾವಾಗ?

ಸ್ಟಿಕ್ಕರ್ ನಂಬರ್ ತಣ್ಣಗಿರುವ ಟೈರ್‌ಗೆ. ಕಾರು ಕಮ್ಮಿ ಅಂದರೂ ಮೂರು ಗಂಟೆ ನಿಂತಿರಬೇಕು, ಇಲ್ಲಾಂದ್ರೆ ಒಂದೂವರೆ ಕಿಲೋಮೀಟರ್ ಒಳಗೆ ನಿಧಾನವಾಗಿ ಓಡಿರಬೇಕು. ಹೈವೇಯಲ್ಲಿ ಓಡಿಸಿಕೊಂಡು ಬಂದ ಟೈರ್‌ನಲ್ಲಿ 4ರಿಂದ 5 ಪಿಎಸ್‌ಐ ಜಾಸ್ತಿ ತೋರಿಸೋದು ಮಾಮೂಲಿ. ಇಲ್ಲಿ ಜನ ಎರಡು ತಪ್ಪು ಮಾಡ್ತಾರೆ. ಒಂದು, 37 ತೋರಿಸ್ತಿದೆ ಅಂತ ಗಾಬರಿಯಾಗಿ ಬಿಸಿ ಟೈರ್‌ನಿಂದ ಗಾಳಿ ಬಿಡೋದು. ಮಾರನೇ ಬೆಳಗ್ಗೆ ಅದು 28, 29ಕ್ಕೆ ಇಳಿದಿರುತ್ತೆ. ಎರಡನೆಯದು ಕಣ್ಣಿಗೆ ಬೀಳಲ್ಲ, ಅದಕ್ಕೇ ಹೆಚ್ಚು ಕೆಟ್ಟದ್ದು: ದೂರದ ಬಂಕಿನಲ್ಲಿ ಬಿಸಿ ಟೈರ್‌ಗೆ ಸರಿಯಾಗಿ 33 ಹಾಕಿಸಿಕೊಂಡು "ಕರೆಕ್ಟಾಗಿದೆ" ಅಂತ ನೆಮ್ಮದಿಯಾಗಿ ಬರೋದು.

ಹವೆಗೂ ಗಾಳಿ ಏರಿಳಿಯುತ್ತೆ. ಇದರ ಲೆಕ್ಕ ಸುಲಭ, ಒಂದು ಸಲ ಮಾಡಿ ನೋಡಿ. ಗೇಜ್ ತೋರಿಸೋದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನೋದನ್ನ ಮಾತ್ರ. ಹಾಸನದಂಥ ಎತ್ತರದ ಊರಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 13 ಪಿಎಸ್‌ಐ. ಗೇಜ್‌ನ 33ಕ್ಕೆ ಅದನ್ನು ಕೂಡಿಸಿ, 46. ಬೆಳಗ್ಗೆ 16 ಡಿಗ್ರಿ ಅಂದರೆ, 273 ಕೂಡಿಸಿದರೆ, 289 ಕೆಲ್ವಿನ್. 46ನ್ನು 289ರಿಂದ ಭಾಗಿಸಿದರೆ ಡಿಗ್ರಿಗೆ 0.16 ಪಿಎಸ್‌ಐ. ಮಧ್ಯಾಹ್ನ 30 ಡಿಗ್ರಿ ಆದರೆ, 14 ಡಿಗ್ರಿಗೆ 2.2 ಪಿಎಸ್‌ಐ ಏರುತ್ತೆ, ಕಾರು ಒಂದಡಿ ಮುಂದೆ ಹೋಗದಿದ್ದರೂ.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ ಆಯ್ತು. ಮಂಗಳೂರಲ್ಲಿ 30 ಡಿಗ್ರಿಯಲ್ಲಿ 33 ಹಾಕಿಸಿ, ಮಡಿಕೇರಿಗೆ ಹೋಗಿ ರಾತ್ರಿ ನಿಲ್ಲಿಸಿ, ಬೆಳಗ್ಗೆ 18 ಡಿಗ್ರಿಯಲ್ಲಿ ಚೆಕ್ ಮಾಡಿದರೆ ಎಷ್ಟಿರಬೇಕು? ಚಳಿಗೆ ಒಳಗಿನ ಒತ್ತಡ ಸುಮಾರು 1.9 ಇಳಿದಿರುತ್ತೆ. ಆದರೆ ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಗಾಳಿಯ ಒತ್ತಡವೂ 14.7ರಿಂದ 12.8ಕ್ಕೆ ಇಳಿದಿರುತ್ತೆ. ಎರಡೂ ಹೆಚ್ಚುಕಮ್ಮಿ ಸಮ, ಗೇಜ್ ಮತ್ತೆ 33 ತೋರಿಸುತ್ತೆ. ಅಲ್ಲಿ ಗೇಜ್ 30 ತೋರಿಸಿದರೆ "ಚಳಿಗೆ ಇಳಿದಿದೆ" ಅಂತ ಬಿಡಬೇಡಿ, ಎಲ್ಲೋ ಲೀಕ್ ಇದೆ, ಹುಡುಕಿ.

ಏನೂ ತೊಂದರೆ ಇಲ್ಲದ ಟೈರ್ ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತೆ, ಗಾಳಿ ರಬ್ಬರ್ ಒಳಗಿಂದಲೇ ಮೆಲ್ಲಗೆ ಸೋರುತ್ತೆ. ತಿಂಗಳಿಗೊಮ್ಮೆ, ದೂರ ಹೋಗುವ ಮುಂಚೆ ಇನ್ನೊಮ್ಮೆ ನೋಡಿ ಅಂತಾರೆ. ನಾನು ಹದಿನೈದು ದಿನಕ್ಕೊಮ್ಮೆ ನೋಡ್ತೀನಿ. ನೈಟ್ರೋಜನ್ ಹಾಕಿಸಿದರೆ ಚೆಕ್ ಮಾಡೋದೇ ಬೇಡ ಅನ್ನೋದನ್ನ ನಂಬಬೇಡಿ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ಈ ಲೈಟ್ ಬಂದದ್ದು ಹೇಗೆ?

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಇದ್ದವು. ಓಡುತ್ತಿರುವಾಗಲೇ ಟೈರ್‌ನ ಮೇಲ್ಪದರ ಕಿತ್ತು ಬಂದು ಗಾಡಿ ಪಲ್ಟಿ ಹೊಡೆಯುತ್ತಿತ್ತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಗಾಡಿಗೆ ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ ಮಾತ್ರ, ಅದೂ ದೊಡ್ಡ ವಿವಾದ ಆಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಟ್ರೆಡ್ ಆಕ್ಟ್ ಅನ್ನೋ ಕಾನೂನು ಬಂತು. ಅದರ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಅಲ್ಲಿ ಮಾರುವ ಎಲ್ಲ ಹೊಸ ಕಾರಿಗೂ ಟಿಪಿಎಂಎಸ್ ಕಡ್ಡಾಯ. ಯೂರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರಿಗೂ ಬಂತು. ನಮ್ಮಲ್ಲಿ 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು: ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ಕಿಟ್, ಟಿಪಿಎಂಎಸ್ ಮೂರೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತೆ. ಆದರೆ ಆ ನಿಯಮ ಎಲ್ಲ ಕಾರಿಗೂ ಟಿಪಿಎಂಎಸ್ ಕಡ್ಡಾಯ ಮಾಡಲಿಲ್ಲ.

ಈಗ ಮುಖ್ಯ ವಿಷಯ. ಅಮೆರಿಕದ ನಿಯಮದಲ್ಲಿ ಲೈಟ್ ಬರಲೇಬೇಕಾದದ್ದು ಗಾಳಿ ಸ್ಟಿಕ್ಕರ್‌ಗಿಂತ ಶೇ. 25 ಇಳಿದಾಗ. 33ರಲ್ಲಿ ಶೇ. 25 ಕಳೆದರೆ 24.75. ಹಾಗಾದರೆ 26 ಇದ್ದಾಗ, 27 ಇದ್ದಾಗ ಡ್ಯಾಶ್‌ಬೋರ್ಡ್ ಸುಮ್ನೆ ಇರಬಹುದು, ಅದು ಕೆಟ್ಟಿದೆ ಅಂತಲ್ಲ. ಯೂರೋಪಿನ ನಿಯಮ ಇನ್ನೂ ಬಿಗಿ, ಓಡುವಾಗಿನ ಪ್ರೆಷರ್‌ಗಿಂತ ಶೇ. 20 ಇಳಿದರೆ ಎಚ್ಚರಿಸಬೇಕು. ಎರಡರಲ್ಲೂ ಲೈಟ್ ಬರೋ ಹೊತ್ತಿಗೆ ಟೈರ್ ಆಗಲೇ ಕಷ್ಟಪಡುತ್ತಿರುತ್ತೆ. "ಲೈಟ್ ಬಂದಿಲ್ಲ, ಗಾಳಿ ಸರಿ ಇದೆ" ಅನ್ನೋ ಮಾತು ಅದಕ್ಕೇ ತಪ್ಪು.

ಎರಡು ಜಾತಿ

ಡೈರೆಕ್ಟ್ ಟಿಪಿಎಂಎಸ್‌ನಲ್ಲಿ ಪ್ರತಿ ಚಕ್ರದ ಒಳಗೆ, ವಾಲ್ವ್ ಬುಡದಲ್ಲಿ ಒಂದು ಸಣ್ಣ ಸೆನ್ಸರ್ ಇರುತ್ತೆ. ಪ್ರೆಷರ್ ಅಳೆದು ರೇಡಿಯೋ ಮೂಲಕ ಕಳಿಸುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ನಾಲ್ಕು ಟೈರ್‌ಗೂ ಬೇರೆ ಬೇರೆ ನಂಬರ್ ಕಾಣಿಸಿದರೆ ಇದೇ ಜಾತಿ. ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತೆ, ಮುಗಿದರೆ ಸಾಮಾನ್ಯವಾಗಿ ಸೆನ್ಸರ್ ಪೂರ್ತಿ ಬದಲಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚುವ ಮುಂಚೆ "ಅಣ್ಣ, ವಾಲ್ವ್ ಹತ್ರ ಸೆನ್ಸರ್ ಇದೆ, ನೋಡ್ಕೊಂಡು ಬಿಚ್ಚಿ" ಅಂತ ಹೇಳಿಬಿಡಿ. ಲಿವರ್ ಅಲ್ಲೇ ಹಾಕಿ ಎಬ್ಬಿದರೆ ಸೆನ್ಸರ್ ಮುರಿಯುತ್ತೆ.

ಇನ್‌ಡೈರೆಕ್ಟ್ ಜಾತಿಯಲ್ಲಿ ಪ್ರೆಷರ್ ಅಳೆಯುವ ಸಾಮಾನೇ ಇಲ್ಲ. ಎಬಿಎಸ್‌ಗೆ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಅಂತ ಮೊದಲೇ ಇರುವ ಚಕ್ರದ ವೇಗದ ಸೆನ್ಸರ್‌ಗಳನ್ನೇ ಇದು ಬಳಸಿಕೊಳ್ಳುತ್ತೆ. ಗಾಳಿ ಇಳಿದ ಟೈರ್ ಸ್ವಲ್ಪ ಗಿಡ್ಡ ಆಗುತ್ತೆ. ಗಿಡ್ಡ ಆದರೆ ಅಷ್ಟೇ ದೂರಕ್ಕೆ ಜಾಸ್ತಿ ಸುತ್ತಬೇಕು. ನಮ್ಮ 185/65 ಟೈರ್‌ನ ತ್ರಿಜ್ಯ ಸುಮಾರು 310 ಮಿಲಿಮೀಟರ್, ಒಂದು ಮಿಲಿಮೀಟರ್ ಕಮ್ಮಿಯಾದರೆ ಕಿಲೋಮೀಟರ್‌ಗೆ ಸುಮಾರು ಒಂದೂವರೆ ಸುತ್ತು ಜಾಸ್ತಿ. ಅಷ್ಟು ಸಣ್ಣ ವ್ಯತ್ಯಾಸವನ್ನ ಕಂಪ್ಯೂಟರ್ ಹಿಡಿದು ಹೇಳುತ್ತಲ್ಲ, ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಆದರೆ ಇದು ಹೋಲಿಕೆಯ ಮೇಲೆ ನಡೆಯುವ ಕೆಲಸ. ನಾಲ್ಕೂ ಟೈರ್ ಒಟ್ಟಿಗೆ, ನಿಧಾನವಾಗಿ ಇಳಿದರೆ ಬರೀ ಹೋಲಿಕೆಯಿಂದ ಹಿಡಿಯೋದು ಕಷ್ಟ. ಮತ್ತೆ "ಸರಿ ಅಂದರೆ ಎಷ್ಟು" ಅನ್ನೋದನ್ನ ಅದಕ್ಕೆ ನಾವೇ ಕಲಿಸಬೇಕು. ಗಾಳಿ ಸರಿ ಮಾಡಿದ ಮೇಲೆ, ಅಥವಾ ಟೈರ್ ಅದಲುಬದಲು ಮಾಡಿದ ಮೇಲೆ ಸೆಟ್ ಬಟನ್ ಒತ್ತೋದು ಅದಕ್ಕೇ.

ಇಲ್ಲಿಗೆ ಬಂದಾಗ ನನಗೆ ಚಿಕ್ಕಪ್ಪನ ಕಾರಿನದು ಹೊಳೆಯಿತು. ಫೋನ್ ಮಾಡಿ ಕೇಳಿದೆ, "ಚಿಕ್ಕಪ್ಪ, ಆ ಲೈಟ್ ಯಾವತ್ತೂ ಬಂದೇ ಇಲ್ವಾ?"

"ಮೂರು ವಾರದ ಹಿಂದೆ ಒಂದ್ಸಲ ಬಂದಿತ್ತು ಕಣೋ. ಸ್ಟೀರಿಂಗ್ ಕೆಳಗಡೆ ಬಟನ್ ಇದೆಯಲ್ಲ, ಒತ್ತಿ ಹಿಡ್ಕೊಂಡೆ, ಹೋಯ್ತು."

ಅಲ್ಲಿಗೆ ಗೊತ್ತಾಯ್ತು. ಅವರದು ಇನ್‌ಡೈರೆಕ್ಟ್. ಲೈಟ್ ಬಂದಾಗ ಆ ಟೈರ್ ಸುಮಾರು 25ಕ್ಕೆ ಇಳಿದಿದ್ದಿರಬೇಕು. ಗಾಳಿ ಹಾಕಿಸದೆ ಸೆಟ್ ಒತ್ತಿದ್ದರಿಂದ, ಕಾರು ಆ ಇಳಿದ ಟೈರ್‌ನ ಸುತ್ತನ್ನೇ ಸರಿ ಅಂತ ಕಲಿತುಕೊಂಡಿತು. ಆಮೇಲೆ 25ರಿಂದ 22ಕ್ಕೆ ಇಳಿದರೂ ಅದರ ಲೆಕ್ಕದಲ್ಲಿ ಶೇ. 12 ಮಾತ್ರ. ಅದಕ್ಕೇ ಸುಮ್ಮನಿತ್ತು. ಚಿಕ್ಕಪ್ಪನ್ನ ಬಯ್ಯೋಕಾಗಲ್ಲ, ಬಟನ್ ಮೇಲೆ ಲೈಟಿನದೇ ಚಿತ್ರ ಇದೆ, ಯಾರಿಗಾದರೂ ಲೈಟ್ ಆರಿಸುವ ಬಟನ್ ಅಂತಲೇ ಅನಿಸುತ್ತೆ. ಕ್ರಮ ಯಾವಾಗಲೂ ಹೀಗೆ ಇರಲಿ: ಮೊದಲು ನಾಲ್ಕೂ ಟೈರ್ ತಣ್ಣಗಿದ್ದಾಗ ಸ್ಟಿಕ್ಕರ್ ನಂಬರ್‌ಗೆ ತನ್ನಿ, ಆಮೇಲೆ ಸೆಟ್.

ಲೈಟ್ ಓದೋದನ್ನೂ ಕಲಿಯಿರಿ. ಕುದುರೆ ಲಾಳದ ಥರ ಇರುವ ಚಿತ್ರ, ಒಳಗೆ ಆಶ್ಚರ್ಯಸೂಚಕ ಚಿಹ್ನೆ. ಅದು ಟೈರನ್ನು ಅಡ್ಡ ಕೊಯ್ದ ಹಾಗೆ ಬಿಡಿಸಿದ್ದು. ಬಂದು ಹಾಗೇ ನಿಂತರೆ ಗಾಳಿ ಕಮ್ಮಿ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಆರದೆ ಹಾಗೇ ಉರಿಯುತ್ತಿದ್ದರೆ ವ್ಯವಸ್ಥೆಯಲ್ಲೇ ತೊಂದರೆ, ಸೆನ್ಸರ್ ಬ್ಯಾಟರಿ ಮುಗಿದಿರಬಹುದು. ಓಡಿಸುವಾಗ ಬಂದರೆ ಗಕ್ಕನೆ ಬ್ರೇಕ್ ಹಾಕಬೇಡಿ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನೋಡಿ.

ಆ ದಿನ ಧರ್ಮಸ್ಥಳಕ್ಕೆ ಹೊರಟಿದ್ದು ಎಂಟೂವರೆಗೆ. ಪಂಕ್ಚರ್ ಅಂಗಡಿ ತೆಗೆಯುವ ತನಕ ಕಾಯಬೇಕಾಯ್ತು. ಸೋಪಿನ ನೀರು ಹಾಕಿದಾಗ ಟೈರ್ ಮೇಲಿನ ಗೀರುಗಳ ನಡುವೆ ಸಣ್ಣ ಸಣ್ಣ ಗುಳ್ಳೆ ಎದ್ದವು, ಅಲ್ಲಿ ತಲೆ ಸವೆದ ಒಂದು ಮೊಳೆ. ಪ್ಯಾಚ್ ಹಾಕಿಸಿ ಮುಂದೆ 33, ಫುಲ್ ಲೋಡ್ ಇದ್ದದ್ದರಿಂದ ಹಿಂದೆ ಸ್ಟಿಕ್ಕರ್ ಹೇಳಿದ ಹಾಗೆ 36 ಹಾಕಿಸಿದೆವು. ಕೊನೆಗೆ ಬ್ಯಾಗೆಲ್ಲ ಇಳಿಸಿ ಡಿಕ್ಕಿಯ ಕೆಳಗಿದ್ದ ಸ್ಟೆಪ್ನಿಗೂ ಗೇಜ್ ಒತ್ತಿದೆ. 14 ಇತ್ತು. ಅದಕ್ಕೆ ಯಾವ ಲೈಟೂ ಇಲ್ಲ.